ಓದುಗರ ಪ್ರಶ್ನೆ: ಮೀನಿನ ರಾಶಿಗೆ ರೋಬೋಟ್ ಕೈ ಹಾಕಿದ್ರೆ?

ಪ್ರಶ್ನೆ: ಮಲ್ಪೆಯಲ್ಲಿ ಬೋಟ್ ಬಂದ ಕೂಡ್ಲೆ ಬಂಗುಡೆ, ಬೂತಾಯಿ ಎಲ್ಲ ಒಟ್ಟಿಗೆ ರಾಶಿ ಬಿದ್ದಿರ್ತದೆ, ಹೆಂಗಸರು ಕೂತು ಬೇರೆ ಬೇರೆ ಮಾಡ್ತಾರೆ. ಕಾರ್ ಫ್ಯಾಕ್ಟರಿಯಲ್ಲಿ ಅಷ್ಟು ವರ್ಷದಿಂದ ರೋಬೋಟ್ ಉಂಟು, ಮತ್ತೆ ಇದು ಮಾತ್ರ ಯಾಕೆ ಅಷ್ಟು ಕಷ್ಟ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಉಡುಪಿ

ಉತ್ತರ: 1961ರಲ್ಲಿ ಜನರಲ್ ಮೋಟರ್ಸ್ ಕಾರ್ ಫ್ಯಾಕ್ಟರಿಗೆ ಬಂದ ಯುನಿಮೇಟ್ ಅನ್ನುವ ರೋಬೋಟ್ ಕೈ ಬಿಸಿ ಲೋಹದ ಎರಕ ಎತ್ತಿಡ್ತಿತ್ತು, ಅದಕ್ಕೆ ವಸ್ತು ಎಲ್ಲಿ ಉಂಟು ಅಂತ ಹುಡುಕುವ ಕೆಲಸವೇ ಇರ್ಲಿಲ್ಲ, ದಿನಾ ಅದೇ ಜಾಗ, ಅದೇ ಆಕಾರ. ಮೀನಿನ ರಾಶಿಯಲ್ಲಿ ಹಾಗಲ್ಲ ಮಾರಾಯ್ರೆ, ಒಂದನ್ನ ಎಳೆದ್ರೆ ನಾಲ್ಕು ಜಾರ್ತದೆ, ಈಗ ನೋಡಿದ್ದು ಮುಂದಿನ ಕ್ಷಣಕ್ಕೆ ಸುಳ್ಳಾಗ್ತದೆ.

ರೋಬೋಟ್ ಕೈ ಎಲ್ಲಿಗೂ ತಾಗದೆ ವಸ್ತುವಿನ ಹತ್ತಿರ ಹೋಗುವ ದಾರಿ ಹುಡುಕುದಕ್ಕೆ ಒಳ್ಳೆ ಉಪಾಯ ಉಂಟು. ಕೈಗೆ ಆರು ಕೀಲು ಇದ್ರೆ ಆರು ಕೋನ, ಅಂದ್ರೆ ಕೈಯ ಒಂದೊಂದು ಭಂಗಿಯೂ ಆರು ಆಯಾಮದ ಜಾಗದಲ್ಲಿ ಒಂದು ಚುಕ್ಕಿ ಇದ್ದ ಹಾಗೆ, ಅದು ಎಲ್ಲಿಗೂ ತಾಗದೆ ಗುರಿ ಮುಟ್ಬೇಕು. ಅಷ್ಟೂ ಜಾಗ ಜಾಲಾಡ್ಲಿಕ್ಕೆ ಹೋದ್ರೆ ಮುಗಿಯುದಿಲ್ಲ, ಹಾಗಾಗಿ 1998ರಲ್ಲಿ ಸಂಶೋಧಕ ಸ್ಟೀವನ್ ಲಾವೆಲ್ ಆರ್‌ಆರ್‌ಟಿ (ರ್‍ಯಾಪಿಡ್ಲಿ ಎಕ್ಸ್‌ಪ್ಲೋರಿಂಗ್ ರ್‍ಯಾಂಡಮ್ ಟ್ರೀ) ಅಂತ ಒಂದು ವಿಧಾನ ಕೊಟ್ರು, ಅಂದಾಜಿಗೆ ಚುಕ್ಕಿ ಹಾಕ್ತಾ ಅದರ ಕಡೆಗೆ ಗೆಲ್ಲು ಬೆಳೆಸ್ತಾ ಹೋಗುದು. ದಾರಿ ಬೇಗ ಸಿಗ್ತದೆ, ಹತ್ತಿರದ ದಾರಿಯೇ ಸಿಗ್ಬೇಕಂತ ಇಲ್ಲ.

ಆದ್ರೆ ವಸ್ತು ಎಲ್ಲಿ ಉಂಟು ಅಂತಲೇ ಸರಿ ಗೊತ್ತಿಲ್ಲದಿದ್ರೆ ಎಂತ ಮಾಡುದು? ನನಗೆ ತುಂಬಾ ಇಷ್ಟದ ವಿಷಯ ಇದು. 1988ರಲ್ಲಿ ಮೈಕಲ್ ಎರ್ಡ್‌ಮನ್ ಮತ್ತೆ ಮ್ಯಾಟ್ ಮೇಸನ್ ಅನ್ನುವ ಸಂಶೋಧಕರು ಒಂದು ಟ್ರೇಯಲ್ಲಿ ಅಲೆನ್ ಕೀ (ಸ್ಕ್ರೂ ತಿರುಗಿಸುವ, L ಆಕಾರದ ಸರಳು) ಹಾಕಿದ್ರು, ಅದು ಯಾವ ದಿಕ್ಕಿಗೆ ಬಿದ್ದಿದೆ ಅಂತ ರೋಬೋಟ್‌ಗೆ ಹೇಳ್ಲೇ ಇಲ್ಲ, ಕ್ಯಾಮೆರಾವೂ ಇಲ್ಲ. ಮೊದಲೇ ಲೆಕ್ಕ ಹಾಕಿದ ಕ್ರಮದಲ್ಲಿ ಟ್ರೇಯನ್ನ ಓರೆ ಮಾಡಿದ್ರೆ ಕೀ ಗೋಡೆಗೆ ಜಾರಿ, ತಿರುಗಿ, ಕೊನೆಗೆ ಗೊತ್ತಿರುವ ಜಾಗಕ್ಕೇ ಬಂದು ನಿಲ್ತದೆ. ನೋಡದೆನೇ ಅನಿಶ್ಚಿತತೆ ಕಡಿಮೆ ಆಯ್ತಲ್ಲ! ಮಲ್ಪೆಯ ಹೆಂಗಸರೂ ಅಂಥದ್ದೇ ಕೆಲಸ ಮಾಡುದು, ಮೊದಲು ಅಂಗೈಯಲ್ಲಿ ರಾಶಿಯನ್ನ ಸವರಿ ಹರಡ್ತಾರೆ, ಆಮೇಲೆ ಹೆಕ್ಕುದು. ಆ ಸವರುದು ಹೆಕ್ಕುವಷ್ಟೇ ದೊಡ್ಡ ಕೌಶಲ. ರೋಬೋಟ್‌ಗೂ ಎತ್ತುದಕ್ಕಿಂತ ಮೊದಲು ತಳ್ಳುದು ಕಲಿಸ್ಬೇಕು.

ಇದನ್ನೆಲ್ಲ ಗಣಿತದಲ್ಲಿ ಬರೆದ್ರೆ ಪಿಒಎಂಡಿಪಿ (ಪಾರ್ಷಿಯಲಿ ಅಬ್ಸರ್ವೇಬಲ್ ಮಾರ್ಕೋವ್ ಡಿಸಿಷನ್ ಪ್ರಾಸೆಸ್) ಅಂತ ಹೆಸರು, ಅಂದ್ರೆ "ಮೀನು ಇಲ್ಲೇ ಉಂಟು" ಅಂತ ಒಂದೇ ಉತ್ತರ ಹಿಡ್ಕೊಳ್ಳದೆ ಎಲ್ಲಿ ಎಷ್ಟು ಸಾಧ್ಯತೆ ಅಂತ ಇಟ್ಕೊಂಡು ಪ್ಲಾನ್ ಮಾಡುದು. ಪೂರ್ತಿ ಬಿಡಿಸ್ಲಿಕ್ಕೆ ಹೋದ್ರೆ ಲೆಕ್ಕ ಕೈ ಮೀರಿ ಬೆಳೀತದೆ, ಹಾಗಾಗಿ ಹೆಚ್ಚಿನವರು ಸ್ವಲ್ಪ ದೂರದ್ದು ಮಾತ್ರ ಪ್ಲಾನ್ ಮಾಡಿ, ಒಂದು ಹೆಜ್ಜೆ ಇಟ್ಟು, ನೋಡಿ, ಪುನಃ ಪ್ಲಾನ್ ಮಾಡ್ತಾರೆ.

ಪ್ರಶ್ನೆ: ಕ್ಯಾಮೆರಾ ಇನ್ನೂ ಒಳ್ಳೆದು ಹಾಕಿದ್ರೆ ಆಗುದಿಲ್ವಾ?
– ಓದುಗರು, ಸುರತ್ಕಲ್

ಉತ್ತರ: ಸ್ವಲ್ಪ ಆಗ್ತದೆ. ಆದ್ರೆ ಒದ್ದೆ ಮೀನಿನ ಚರ್ಮ ಹೊಳೀತದೆ, ಆ ಹೊಳಪಿಗೆ ಆಳ ಅಳೆಯುವ ಕ್ಯಾಮೆರಾ ತಪ್ಪು ದೂರ ಹೇಳ್ತದೆ, ಮತ್ತೆ ಕೈ ಹತ್ತಿರ ಹೋದ ಹಾಗೆ ಅದೇ ಕೈ ನೋಟಕ್ಕೆ ಅಡ್ಡ. ಹಿಡಿದ ಮೇಲೆ ಜಾರ್ತಾ ಉಂಟಾ ಅಂತ ತಿಳಿಯುದು ಬೆರಳಲ್ಲೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೆಲ್‌ಸೈಟ್ ಸೆನ್ಸರ್ ನೋಡಿ, ಬೆರಳ ತುದಿಗೆ ಮೆತ್ತಗಿನ ಜೆಲ್, ಅದರ ಹಿಂದೆ ಪುಟ್ಟ ಕ್ಯಾಮೆರಾ, ಒತ್ತಿದಾಗ ಜೆಲ್ ಹೇಗೆ ತಗ್ಗಿತು ಅಂತ ನೋಡಿಯೇ ಮೇಲ್ಮೈಯ ಆಕಾರ ಗೊತ್ತಾಗ್ತದೆ.