ಮೆನುವಿನಲ್ಲಿ ಐಕಾನ್ ಜಾಸ್ತಿ ಆದರೆ ಫೋಲ್ಡರ್ ಅಳಿಸಬೇಡಿ

ಕಂಪ್ಯೂಟರ್ ಆನ್ ಆದಾಗ ಯಾವ ಓಎಸ್ ಬೂಟ್ ಆಗಬೇಕು (ಶುರುವಾಗಬೇಕು) ಎಂದು ಆರಿಸಲು ಮೆನು ತೋರಿಸುವ ರಿಫೈಂಡ್ ಬೂಟ್ ಮ್ಯಾನೇಜರ್ ಬಗ್ಗೆ ಬರುವ ಪತ್ರಗಳಲ್ಲಿ ಮೊದಲ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ನನ್ನಲ್ಲಿರುವುದು ಎರಡೇ ಓಎಸ್, ಆದರೆ ಮೆನುವಿನಲ್ಲಿ ಆರು ಐಕಾನ್. ಇಎಫ್‌ಐ ಪಾರ್ಟಿಷನ್‌ನಲ್ಲಿ (ಬೂಟ್ ಫೈಲ್‌ಗಳಿರುವ ಡಿಸ್ಕಿನ ಭಾಗ) ಬೇಡದ ಫೋಲ್ಡರ್ ಅಳಿಸಿ ಎಂದು ಒಂದು ವಿಡಿಯೊ ಹೇಳುತ್ತದೆ. ಅಳಿಸಲೇ?

ಉತ್ತರ: ದಯವಿಟ್ಟು ಬೇಡ. ಹೀಗೆ ಕಣ್ಣು ಮುಚ್ಚಿಕೊಂಡು ಅಳಿಸಲು ಹೇಳುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. 'ಬೂಟ್' ಫೋಲ್ಡರ್‌ನಲ್ಲಿರುವ ಬೂಟ್‌ಎಕ್ಸ್64 ಫೈಲ್ ನೋಡುವುದಕ್ಕೆ ಯಾತಕ್ಕೂ ಬೇಡದ್ದು. ಆದರೆ ಮದರ್‌ಬೋರ್ಡ್ ತನ್ನ ಬೂಟ್ ಪಟ್ಟಿ ಕಳೆದುಕೊಂಡ ದಿನ ಹುಡುಕುವುದು ಅದನ್ನೇ.

ಬೇಡದ ಐಕಾನ್ ಆರಿಸಿ ಡಿಲೀಟ್ ಅಥವಾ ಮೈನಸ್ ಕೀ ಒತ್ತಿ. ಫೈಲ್ ಎಲ್ಲಿತ್ತೋ ಅಲ್ಲೇ ಇರುತ್ತದೆ, ಐಕಾನ್ ಮಾತ್ರ ಮರೆಯಾಗುತ್ತದೆ. ಮನಸ್ಸು ಬದಲಾದರೆ ಕೆಳಸಾಲಿನ 'ಹಿಡನ್ ಟ್ಯಾಗ್ಸ್' ಮೂಲಕ ವಾಪಸ್ ತರಬಹುದು. ಕೆಲವರು ಕೆಳಸಾಲು ಚೊಕ್ಕ ಮಾಡಲು ಹೋಗಿ ಕಾನ್ಫಿಗ್ ಫೈಲ್‌ನ (ರಿಫೈಂಡ್ ಸೆಟ್ಟಿಂಗ್‌ಗಳಿರುವ ಫೈಲ್) 'ಶೋಟೂಲ್ಸ್' ಪಟ್ಟಿಯಿಂದ ಇದನ್ನೂ ಕಿತ್ತುಹಾಕುತ್ತಾರೆ. ಹಾಗೆ ಮಾಡಬೇಡಿ.

ಕಾನ್ಫಿಗ್ ಫೈಲ್‌ನಲ್ಲೇ ಬರೆದಿಡಬೇಕೆಂದರೆ 'ಡೋಂಟ್_ಸ್ಕ್ಯಾನ್_ಡಿರ್ಸ್' ಸಾಲಿನಲ್ಲಿ ಆ ಒಂದು ಫೋಲ್ಡರ್‌ನ ಹಾದಿ ಕೊಡಿ. 'ಡೋಂಟ್_ಸ್ಕ್ಯಾನ್_ವಾಲ್ಯೂಮ್ಸ್' ಮುಟ್ಟುವ ಮೊದಲು ಎರಡು ಸಲ ಯೋಚಿಸಿ. ಅದು ಇಡೀ ಪಾರ್ಟಿಷನ್ ಅನ್ನೇ ಬಿಟ್ಟುಬಿಡುತ್ತದೆ. 'ಸ್ಕ್ಯಾನ್‌ಫಾರ್' ಸಾಲಿನಲ್ಲಿ 'ಇಂಟರ್ನಲ್' ಮಾತ್ರ ಉಳಿಸಿದರೆ ಎಲ್ಲ ಸರಿ ಎನ್ನುವುದೂ ಸುಳ್ಳು. ನಿಮ್ಮ ಆರೂ ಐಕಾನ್ ಒಳಗಿನ ಡಿಸ್ಕಿನವೇ ಆಗಿದ್ದರೆ ಒಂದೂ ಕಡಿಮೆಯಾಗುವುದಿಲ್ಲ. ಅದರ ಬದಲು ಕಷ್ಟಕಾಲಕ್ಕೆ ಬೇಕಾಗುವ ಪೆನ್‌ಡ್ರೈವ್ ಮೆನುವಿನಿಂದ ಮಾಯವಾಗುತ್ತದೆ.

ಹೆಚ್ಚಾಗಿ ಬಂದಿರುವುದು ಹಳೆಯ ಲಿನಕ್ಸ್ ಕರ್ನಲ್‌ಗಳೇ (ಓಎಸ್‌ನ ತಿರುಳಾದ ಫೈಲ್‌ಗಳು)? ಹಾಗಿದ್ದರೆ ಯಾರದೋ ಕಾನ್ಫಿಗ್ ನಕಲು ಮಾಡಿದ್ದೀರಿ, ಅಲ್ವಾ? ಮಾಮೂಲಾಗಿ ಆನ್ ಇರುವ 'ಫೋಲ್ಡ್_ಲಿನಕ್ಸ್_ಕರ್ನಲ್ಸ್' ಅದರಲ್ಲಿ ಆಫ್ ಆಗಿದೆಯೇ ನೋಡಿ. ಅದು ಆನ್ ಇದ್ದರೆ ಒಂದೇ ಫೋಲ್ಡರ್‌ನ ಕರ್ನಲ್‌ಗಳೆಲ್ಲ ಒಂದೇ ಐಕಾನ್‌ನಲ್ಲಿ ಸೇರುತ್ತವೆ. ಹಳೆಯದು ಬೇಕಾದಾಗ ಎಫ್2 ಒತ್ತಿದರೆ ಸಿಗುತ್ತದೆ.

ಪ್ರಶ್ನೆ: ಟೈಮ್‌ಔಟ್ 0 ಮಾಡಿದೆ. ಮೆನು ಹೋಗುವುದೇ ಇಲ್ಲ!

ಉತ್ತರ: ರಿಫೈಂಡ್‌ನಲ್ಲಿ 0 ಅಂದರೆ ನೀವು ಆರಿಸುವ ತನಕ ಕಾಯುವುದು, -1 ಅಂದರೆ ತಕ್ಷಣ ಬೂಟ್. ಲಿನಕ್ಸ್ ಜೊತೆ ಬರುವ ಇನ್ನೊಂದು ಬೂಟ್ ಮೆನು ಗ್ರಬ್‌ನಲ್ಲಿ ಇದು ಪೂರ್ತಿ ಉಲ್ಟಾ. ಯಾವುದರ ಸಲಹೆ ಓದುತ್ತಿದ್ದೀರಿ ಎಂದು ಮೊದಲು ನೋಡಿಕೊಳ್ಳಿ.

ಪ್ರಶ್ನೆ: ರೆಸಲ್ಯೂಷನ್‌ಗೆ ಯಾವ ಸಂಖ್ಯೆ ಹಾಕಲಿ?

ಉತ್ತರ: 'ಮ್ಯಾಕ್ಸ್' ಎಂದು ಹಾಕಿ.

ಪ್ರಶ್ನೆ: ಹೊರಗಿನ ಡಿಸ್ಕ್ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ರಿಪೇರಿ ಸಾಫ್ಟ್‌ವೇರ್ ಹಾಕಲೇ?

ಉತ್ತರ: ಬೇಡ. ಮೆನುವಿನಲ್ಲಿ ಎಸ್ಕೇಪ್ ಒತ್ತಿ, ಮತ್ತೆ ಸ್ಕ್ಯಾನ್ ಆಗುತ್ತದೆ. ಆಗ ಕಂಡರೆ ಡಿಸ್ಕ್ ಎಚ್ಚರವಾಗುವುದು ತಡವಾಗುತ್ತಿದೆ ಅಷ್ಟೆ. ಕಾನ್ಫಿಗ್ ಫೈಲ್‌ನಲ್ಲಿ 'ಸ್ಕ್ಯಾನ್_ಡಿಲೇ' 2 (ಸೆಕೆಂಡ್) ಮಾಡಿ, ಸಾಲದಿದ್ದರೆ 5.