ಮೈನಸ್ 40 ಡಿಗ್ರಿ ತೋರಿಸಿದರೆ ಮೊದಲು ವೈರ್ ನೋಡಿ

ಗೇರ್‌ಬಾಕ್ಸ್ ಆಯಿಲ್ ಟೆಂಪರೇಚರ್ ಸೆನ್ಸರ್ ಬಗ್ಗೆ ಈ ಸಲವೂ ಅವೇ ಪ್ರಶ್ನೆಗಳು ಬಂದಿವೆ. ಬೆಳಗಾವಿಯಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಲಸ ಮಾಡುವ ನನಗೆ ಸಿಟ್ಟು ಬರೋದು ಒಂದೇ ಮಾತಿಗೆ. ಒಂದು ತುಂಡು ವೈರಿನ ಕೆಲಸಕ್ಕೆ ಇಡೀ ಗೇರ್‌ಬಾಕ್ಸ್ ಇಳಿಸುತ್ತಿದ್ದಾರೆ. ಅದಕ್ಕೇ ಮೊದಲ ಪ್ರಶ್ನೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ವಿಜಯಪುರದವನು. ನನ್ನದು 6 ಗೇರಿನ ಆಟೋಮ್ಯಾಟಿಕ್ ಡೀಸೆಲ್ ಗಾಡಿ. ಚೆಕ್ ಲೈಟ್ ಹತ್ತಿದೆ. ಗೇರ್ ತಡವಾಗಿ ಬೀಳುತ್ತದೆ, ಬಿದ್ದಾಗ ಜರ್ಕ್ ಹೊಡೆಯುತ್ತದೆ. ಸ್ಕ್ಯಾನರ್‌ನಲ್ಲಿ ಪಿ 0713 ಬಂತು. ಗ್ಯಾರೇಜಿನವರು "ಗೇರ್‌ಬಾಕ್ಸ್ ಹೋಗೇತ್ರಿ, ಇಳಸಬೇಕು" ಅನ್ನುತ್ತಾರೆ. ಇಳಿಸಲಾ?

ಉತ್ತರ: ಬೇಡ. ಸದ್ಯಕ್ಕೆ ಒಂದು ಬೋಲ್ಟ್ ಕೂಡ ಬಿಚ್ಚಿಸಬೇಡಿ.

ಆ ಕೋಡ್ ಗೇರ್‌ಬಾಕ್ಸ್ ಹೋಗಿದೆ ಅಂತ ಹೇಳುತ್ತಿಲ್ಲ. ಸೆನ್ಸರ್ ಹೋಗಿದೆ ಅಂತಲೂ ಹೇಳುತ್ತಿಲ್ಲ. ಸೆನ್ಸರಿನ ಲೈನಿನಲ್ಲಿ ವೋಲ್ಟೇಜ್ ಜಾಸ್ತಿ ಇದೆ, ಅಷ್ಟೇ. ಗೇರ್‌ಬಾಕ್ಸ್ ಕಂಪ್ಯೂಟರ್ ಈ ಲೈನಿಗೆ 5 ವೋಲ್ಟ್ ಕೊಡುತ್ತದೆ. ಆಯಿಲ್ ಬಿಸಿಯಾದಂತೆ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯುತ್ತದೆ, ಜೊತೆಗೆ ವೋಲ್ಟೇಜೂ ಇಳಿಯುತ್ತದೆ. ವೈರ್ ಎಲ್ಲೋ ಕಡಿದರೆ 5 ವೋಲ್ಟ್ ಹಾಗೇ ನಿಲ್ಲುತ್ತದೆ. ಆಗ ಕಂಪ್ಯೂಟರ್ ಆಯಿಲ್ ವಿಪರೀತ ತಣ್ಣಗಿದೆ ಅಂದುಕೊಳ್ಳುತ್ತದೆ. ಬಹಳಷ್ಟು ಗಾಡಿಗಳಲ್ಲಿ ಸ್ಕ್ಯಾನರ್ ಮೈನಸ್ 40 ತೋರಿಸುತ್ತದೆ. ತಣ್ಣಗಿನ ದಪ್ಪ ಆಯಿಲಿಗೆ ಬೇಕಾದ ಹಾಗೆ ಅದು ಗೇರ್ ಹಾಕಲು ಹೋಗುತ್ತದೆ. ನಿಮ್ಮ ಜರ್ಕ್ ಅಲ್ಲಿಂದಲೇ ಬಂದಿರಬಹುದು. ಇಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಮೈಲೇಜೂ ಇಳಿಯುತ್ತದೆ.

ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೀ ಆನ್ ಮಾಡಿ, ಸ್ಕ್ಯಾನರ್‌ನಲ್ಲಿ ಈ ಮೂರರ ಬಿಸಿ ನೋಡಿ: ಇಂಜಿನ್ ಕೂಲಂಟ್, ಒಳಗೆ ಬರುವ ಗಾಳಿ, ಗೇರ್‌ಬಾಕ್ಸ್ ಆಯಿಲ್. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಮೂರೂ ಹತ್ತಿರ ಹತ್ತಿರ ಇರಬೇಕು. ನಾಲ್ಕೈದು ಡಿಗ್ರಿ ಆಚೀಚೆ ಇದ್ದರೆ ಚಿಂತೆ ಇಲ್ಲ. ಆಮೇಲೆ ಓಡಿಸಿ. ಆಯಿಲ್ ಬಿಸಿ ನಿಧಾನವಾಗಿ ಏರಬೇಕು. 62 ಇದ್ದದ್ದು ಗುಂಡಿಯಲ್ಲಿ ಚಕ್ರ ಬಿದ್ದಾಗ ಮೈನಸ್ 40 ಆಗಿ, ಮತ್ತೆ 63 ಆದರೆ ದೋಷ ವೈರಿನದ್ದು, ಅಥವಾ ವೈರ್‌ಗಳನ್ನು ಜೋಡಿಸುವ ಪ್ಲಗ್ ಆದ ಕಪ್ಲರಿನದ್ದು. ಆಯಿಲ್ ಹಾಗೆ ಕ್ಷಣದಲ್ಲಿ ತಣ್ಣಗಾಗಲ್ಲ.

ಮುಂದಿನ ಕೆಲಸ ತಿಳಿದವರದ್ದು. ಕೀ ಆಫ್ ಮಾಡಿ ಗೇರ್‌ಬಾಕ್ಸ್ ಕಪ್ಲರ್ ಬಿಚ್ಚಬೇಕು. ವೈರಿಂಗ್ ಕಡೆಯ ಕಪ್ಲರ್‌ನಲ್ಲಿ ಸೆನ್ಸರಿನ ಎರಡು ಪಿನ್ ಮಾತ್ರ ಹುಡುಕಿ, ಒಂದು ತುಂಡು ವೈರಿನಿಂದ ಜೋಡಿಸಿ ಕೀ ಆನ್ ಮಾಡಬೇಕು. ಸ್ಕ್ಯಾನರ್ ಮೈನಸ್ 40 ಬಿಟ್ಟು ಒಮ್ಮೆಗೇ ತುದಿಯ ಬಿಸಿ ತೋರಿಸಿದರೆ ಹೊರಗಿನ ವೈರಿಂಗ್, ಕಂಪ್ಯೂಟರ್ ಎರಡೂ ಸರಿ. ದೋಷ ಕಪ್ಲರಿನಿಂದ ಒಳಗಿದೆ. ಮೈನಸ್ 40 ಅಲ್ಲಾಡದಿದ್ದರೆ ದೋಷ ಹೊರಗಿನ ವೈರಿನಲ್ಲಿರುವುದೇ ಹೆಚ್ಚು. ಅದೇ ಕಪ್ಲರ್‌ನಲ್ಲಿ ಸೊಲೆನಾಯ್ಡ್, ಅಂದರೆ ಗೇರ್ ಬದಲಿಸುವ ಕರೆಂಟ್ ವಾಲ್ವ್‌ಗಳ ವೈರ್‌ಗಳೂ ಇರುತ್ತವೆ. ತಪ್ಪು ಪಿನ್ ಜೋಡಿಸಿದರೆ ಕಂಪ್ಯೂಟರ್ ಸುಡಬಹುದು. ವೈರಿಂಗ್ ಡಯಾಗ್ರಾಮ್ ಕೈಯಲ್ಲಿ ಇಲ್ಲದವರಿಗೆ ಅದನ್ನು ಮುಟ್ಟಲು ಬಿಡಬೇಡಿ, ಅವರು ಎಷ್ಟೇ ಪರಿಚಯದವರಾಗಿರಲಿ.

ಕಳೆದ ಕಬ್ಬಿನ ಹಂಗಾಮಿನಲ್ಲಿ ಮುಧೋಳ ಕಡೆಯ ಗಾಡಿಯೊಂದು ಇದೇ ಕೋಡ್ ಹೊತ್ತು ನನ್ನ ಹತ್ತಿರ ಬಂತು. ಅಲ್ಲೂ ಗೇರ್‌ಬಾಕ್ಸ್ ಇಳಿಸುವ ಮಾತಾಗಿತ್ತು. ಕಪ್ಲರ್ ಬಿಚ್ಚಿದೆ. ಒಂದು ಪಿನ್ನಿನ ಮೇಲೆ ಹಸಿರು ಕಿಲುಬು. ಅದರ ವೈರ್ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು. ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ, ರಬ್ಬರಿನ ಹಾಗೆ ಉದ್ದವಾಯಿತು. ಒಳಗೆ ತಾಮ್ರ ಕೊಳೆತು ತುಂಡಾಗಿತ್ತು, ಉಳಿದದ್ದು ಬರೀ ಪ್ಲಾಸ್ಟಿಕ್. ಗಾಡಿಯವರನ್ನು ಕೇಳಿದರೆ, ವಾರಕ್ಕೊಮ್ಮೆ ಅಡಿಯಿಂದ ಪ್ರೆಶರ್ ವಾಟರ್ ಹೊಡೆಸುತ್ತಾರಂತೆ. ಕೆಟ್ಟ ಭಾಗ ಕತ್ತರಿಸಿ, ಹೊಸ ಪಿನ್ ಹಾಕಿ, ವೈರ್ ಸೋಲ್ಡರ್ ಮಾಡಿ ಸ್ಲೀವ್ ಏರಿಸಿದೆ. ಸ್ಕ್ಯಾನರ್‌ನಲ್ಲಿ 31 ಡಿಗ್ರಿ ಬಂತು. ಕೂಲಂಟ್ 30 ಇತ್ತು.

ಸೆನ್ಸರೇ ಹೋಗಿದ್ದರೂ ಹೆಚ್ಚಿನ 6 ಗೇರಿನ ಗಾಡಿಗಳಲ್ಲಿ ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಆಯಿಲ್ ಪ್ಯಾನ್ ಅಥವಾ ಪಕ್ಕದ ಕವರ್ ಬಿಚ್ಚಿದರೆ ಸಿಗುತ್ತದೆ. ಕೆಲವು ಗಾಡಿಗಳಲ್ಲಿ ಒಳಗಿನ ವೈರಿಂಗ್ ಜೊತೆಗೇ ಬರುತ್ತದೆ. ಕಂಪನಿ ಹೇಳಿದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಬಿಟ್ಟು ಬೇರೆ ಆಯಿಲ್ ಹಾಕಿಸಬೇಡಿ. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ ಲೆವೆಲ್ ನೋಡೋದು ಆಯಿಲ್ ಇಂತಿಷ್ಟು ಬಿಸಿ ಇದ್ದಾಗ ಮಾತ್ರ. ಬಹಳ ಗಾಡಿಗಳಲ್ಲಿ ಅದು 40 ಡಿಗ್ರಿಯ ಆಸುಪಾಸು. ಸೆನ್ಸರ್ ಸುಳ್ಳು ಹೇಳುತ್ತಿದ್ದರೆ ಆ ಲೆವೆಲ್ಲೂ ಸುಳ್ಳೇ ಅಲ್ವಾ? ಹಾಗಾಗಿ ಮೊದಲು ಸೆನ್ಸರ್ ಸರಿ ಮಾಡಿಸಿ, ಆಮೇಲೆ ಲೆವೆಲ್ ನೋಡಿಸಿ.

ಪ್ರಶ್ನೆ: ಸೆನ್ಸರ್ ಬದಲು ಒಂದು ರೆಸಿಸ್ಟರ್ ಹಾಕಿ ಲೈಟ್ ಆರಿಸಿಕೊಡುತ್ತೇನೆ ಅಂತ ನಮ್ಮೂರಿನ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಮಾಡಿಸಬಹುದಾ?

ಉತ್ತರ: ಮಾಡಿಸಲೇಬೇಡಿ. ಇದು ರಿಪೇರಿ ಅಲ್ಲ, ಮೋಸ. ರೆಸಿಸ್ಟರ್ ಸದಾ ಒಂದೇ ಬಿಸಿ, 80 ಡಿಗ್ರಿ ಅಂದುಕೊಳ್ಳಿ, ತೋರಿಸುತ್ತಿರುತ್ತದೆ. ನೀವು ಮನೆಮಂದಿಯನ್ನು ಕೂರಿಸಿಕೊಂಡು ಚೋರ್ಲಾ ಘಾಟ್ ಹತ್ತುವಾಗ ಆಯಿಲ್ 130 ದಾಟಿದರೂ ಕಂಪ್ಯೂಟರಿಗೆ ಗೊತ್ತಾಗಲ್ಲ, ವಾರ್ನಿಂಗ್ ಬರಲ್ಲ. ಒಳಗೆ ಕ್ಲಚ್ ಪ್ಲೇಟ್ ಸುಡುತ್ತವೆ. ಆಗ ನಿಜವಾಗಿಯೂ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

ಪ್ರಶ್ನೆ: ಜಮಖಂಡಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳುವಾಗ ಪಿ 0218 ಬಂತು. ಸೆನ್ಸರ್ ಬದಲಿಸಲಾ?

ಉತ್ತರ: ಅದು ಸೆನ್ಸರ್ ಕೋಡ್ ಅಲ್ಲ, ಆಯಿಲ್ ಮಿತಿ ಮೀರಿ ಬಿಸಿಯಾಗಿದೆ ಅನ್ನುವ ಕೋಡ್. ಪಕ್ಕಕ್ಕೆ ನಿಲ್ಲಿಸಿ, ಪಾರ್ಕಿಂಗಿನಲ್ಲಿ ಇಂಜಿನ್ ಸುಮ್ನೆ ಓಡಲು ಬಿಡಿ, ಬಿಸಿ ಇಳಿಯಲಿ. ಮನೆಗೆ ಬಂದ ಮೇಲೆ ಗೇರ್‌ಬಾಕ್ಸ್ ಆಯಿಲ್ ತಣ್ಣಗಿಡುವ ಕೂಲರ್, ಆಯಿಲ್ ಲೆವೆಲ್ ನೋಡಿಸಿ.

ಪ್ರಶ್ನೆ: ನನ್ನದು ಎಎಂಟಿ ಗಾಡಿ. ನಾನೂ ಈ ಎಟಿಎಫ್ ಸೆನ್ಸರ್ ಚೆಕ್ ಮಾಡಿಸಬೇಕಾ?

ಉತ್ತರ: ಇಲ್ಲ. ನಿಮ್ಮದು ಒಳಗೆ ಮ್ಯಾನ್ಯುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಮಾತ್ರ ಕಂಪ್ಯೂಟರ್ ಮಾಡಿಸುತ್ತದೆ. ಅದರಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ.

ಪ್ರಶ್ನೆ: ಬ್ಯಾಟರಿ ವೈರ್ ಬಿಚ್ಚಿ ಹಾಕಿದರೆ ಕೋಡ್ ಹೋಗುತ್ತದಂತೆ?

ಉತ್ತರ: ಹೋಗಬಹುದು, ಮತ್ತೆ ಬರುತ್ತದೆ. ಅದರ ಜೊತೆಗೆ ಕೋಡ್ ಬಂದಾಗ ಆಯಿಲ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ವೇಗದಲ್ಲಿತ್ತು ಅಂತ ಕಂಪ್ಯೂಟರ್ ಇಟ್ಟುಕೊಂಡ ಲೆಕ್ಕವೂ ಅಳಿಸಿಹೋಗುತ್ತದೆ. ನನ್ನ ಹತ್ತಿರ ಬರುವವರು ದಯವಿಟ್ಟು ಏನನ್ನೂ ಅಳಿಸದೆ ಬನ್ನಿ.