ರಾಜಕಾಲುವೆ ಬದಿಗೆ ಯಾವ ಮರ?

ಪ್ರಶ್ನೆ: ನಮ್ಮ ಬಡಾವಣೆಯ ಎರಡು ಪಾರ್ಕುಗಳ ನಡುವೆ ರಾಜಕಾಲುವೆ ಬದಿಯಲ್ಲಿ ಸುಮಾರು 200 ಮೀಟರ್ ಉದ್ದದ ಪಾಲಿಕೆ ಜಾಗ ಹಾಳುಬಿದ್ದಿದೆ. ಕಟ್ಟಡ ಒಡೆದ ಮಣ್ಣು ಸುರಿದಿದ್ದಾರೆ. ಕೊನೆಯ 50 ಮೀಟರ್ ಮೇಲೆ ಹೈಟೆನ್ಷನ್ ಲೈನ್ ಇದೆ. ಮರ ನೆಟ್ಟು ಎರಡೂ ಪಾರ್ಕುಗಳನ್ನು ಸೇರಿಸಬಹುದೇ?
– ಓದುಗರು, ಜೆ.ಪಿ. ನಗರ

ಉತ್ತರ: ಖಂಡಿತ ಸೇರಿಸಬಹುದು. ಗುಂಡಿ ತೋಡುವ ಮುಂಚೆ, ಹೂಳೆತ್ತುವ ಜೆಸಿಬಿ ಎಲ್ಲಿ ಓಡಾಡುತ್ತದೆ ಎಂದು ನೋಡಿ. ಕಾಲುವೆಯ ಅಂಚಿಗೇ ನೆಟ್ಟ ಗಿಡಗಳು ಹೂಳೆತ್ತುವಾಗ ಕಿತ್ತುಹೋಗುತ್ತವೆ. ಉಳಿದವುಗಳ ಮೇಲೆ ಹೂಳು ಬೀಳುತ್ತದೆ. ಅಂಚಿನಿಂದ 4 ಮೀಟರ್ ದಾರಿ ಬಿಡಿ, ಬೇರೆ ದಿನ ಅದು ವಾಕಿಂಗ್‌ಗೆ ಆಗುತ್ತದೆ. ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿಕೊಂಡು, ಪಾಲಿಕೆಯ ಮಳೆನೀರು ಕಾಲುವೆ ವಿಭಾಗದಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಒಡೆದ ಕಟ್ಟಡದ ಮಣ್ಣಿನಲ್ಲಿ ನೇರವಾಗಿ ನೆಡಲೇಬೇಡಿ. ಮೊದಲು 2 ಅಡಿ ಗುಂಡಿ ತೋಡಿ ನೀರು ತುಂಬಿಸಿ. ಮರುದಿನವೂ ನಿಂತಿದ್ದರೆ ಅಲ್ಲಿ ಬೇರು ಕೊಳೆಯುತ್ತದೆ, ಕೆಳಗಿನ ಗಟ್ಟಿ ಪದರ ಒಡೆಸಬೇಕು. ಲೈನ್ ಇಲ್ಲದ 150 ಮೀಟರಿಗೆ 5 ಮೀಟರ್ ಅಂತರದಲ್ಲಿ 30 ಮರ ಹಿಡಿಯುತ್ತವೆ. ಗುಂಡಿ ಉದ್ದ, ಅಗಲ, ಆಳ ಮೂರೂ 3 ಅಡಿ ಇರಲಿ. ಅಂದರೆ ಒಟ್ಟು 810 ಘನ ಅಡಿ ತುಂಬಬೇಕು: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಳೆತ ಗೊಬ್ಬರ. ತೇವದ ಕಡೆ ಹೊಳೆಮತ್ತಿ, ನೇರಳೆ, ಅತ್ತಿ. ಒಣ ಕಡೆ ಹೊಂಗೆ, ಬೇವು. ಅತ್ತಿಯನ್ನು ಮಾತ್ರ ಕಾಂಪೌಂಡಿನಿಂದ ದೂರವಿಡಿ, ಅದರ ಬೇರು ಗೋಡೆ ಸೀಳುತ್ತದೆ.

ಲೈನ್ ಕೆಳಗೆ ಮರ ಬೇಡ. ಬೆಳೆದ ಮೇಲೆ ತುದಿ ಕಡಿಯುತ್ತಾರೆ, ಹಸಿರು ಅಲ್ಲಿಗೇ ತುಂಡಾಗುತ್ತದೆ. ಲೈನಿನವರನ್ನು ಕೇಳಿಕೊಂಡು ಲಕ್ಕಿ, ಕೇಪಳ, ದಾಸವಾಳ, ಕರಿಬೇವು ಹಾಕಿ, ಎತ್ತರ ಏರದಂತೆ ಸವರುತ್ತಿರಿ. ಚಿಟ್ಟೆಗೂ ಸಣ್ಣ ಹಕ್ಕಿಗೂ ಈ ಪೊದೆಗಳೇ ದಾರಿ. ಕರಿಬೇವಿನ ಎಲೆ ಮೇಲೆ ಹಕ್ಕಿಹಿಕ್ಕೆಯಂತೆ ಕಪ್ಪು-ಬಿಳಿಯಾಗಿ ಅಂಟಿಕೊಂಡಿರುವುದು ಚಿಟ್ಟೆಯ ಮರಿಹುಳು. ಔಷಧ ಹೊಡೆದು ಕೊಲ್ಲಬೇಡಿ, ದಯವಿಟ್ಟು.

ಜೂನ್‌ನಲ್ಲಿ ಒಂದೆರಡು ಮಳೆ ಆದಮೇಲೆ ನೆಡಿ. ಫೆಬ್ರುವರಿಯಿಂದ ಮೇ ತನಕ ವಾರಕ್ಕೆ ಎರಡು ಸಲ, ಗಿಡಕ್ಕೆ 20 ಲೀಟರ್ ನೀರು ಬೇಕು. 30 ಮರಕ್ಕೆ ವಾರಕ್ಕೆ 1,200 ಲೀಟರ್. ಪಕ್ಕದ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರು ಕೇಳಿ. ಎರಡು ಬೇಸಿಗೆ ಇದು ತಪ್ಪಬಾರದು.

ಪ್ರಶ್ನೆ: ಕಾಲುವೆ ಬದಿ ನೆಟ್ಟ ಸಂಪಿಗೆಯ ಎಲೆ ಹಳದಿಯಾಗುತ್ತಿದೆ, ನರ ಮಾತ್ರ ಹಸಿರು. ಯೂರಿಯಾ ಹಾಕಲೇ?
– ಓದುಗರು, ಬನಶಂಕರಿ

ಉತ್ತರ: ಬೇಡ. ಹೊಸ ಎಲೆಗಳೇ ಹೀಗಾಗಿದ್ದರೆ ಅದು ಕಬ್ಬಿಣದ ಕೊರತೆ. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾದಾಗ ಬೇರಿಗೆ ಕಬ್ಬಿಣ ಸಿಗುವುದಿಲ್ಲ. ಬುಡದ ಸುತ್ತ ಕಾಂಕ್ರೀಟ್ ಚೂರು ಆಯ್ದು ತೆಗೆದು, ಗೊಬ್ಬರ ಸೇರಿಸಿ, ಒಣ ಎಲೆ ನಾಲ್ಕು ಇಂಚು ಹರಡಿ. ಕಾಂಡಕ್ಕೆ ತಾಗಿಸಬೇಡಿ.